ಎಸ್‌ಬಿಆರ್ (ಚರಂಡಿ ನೀರು ಶುದ್ಧಿ ಘಟಕ): ಡಿಕ್ಯಾಂಟ್ ಹೊತ್ತಿಗೆ ಕೆಸರು ಮ್ಯಾಲ ತೇಲ್ತದ, ಪರಿಹಾರ ಹೇಳ್ರಿ

ಯಾದಗಿರಿ_ಆಪರೇಟರ್: ನಮ್ದು ಎರಡು ಬೇಸಿನ್ ಎಸ್‌ಬಿಆರ್, ಅಂದ್ರ ಒಂದೇ ತೊಟ್ಟಿಯಾಗ ನೀರು ತುಂಬೋದು (ಫಿಲ್), ಗಾಳಿ ಕೊಡೋದು, ಕೆಸರು ಕೂಡಿಸೋದು (ಸೆಟಲ್), ಮ್ಯಾಲಿನ ತಿಳಿ ನೀರು ತೆಗೆಯೋದು (ಡಿಕ್ಯಾಂಟ್) ಸರದಿ ಮ್ಯಾಲ ನಡೀತದ. ಎಂಎಲ್‌ಎಸ್‌ಎಸ್ (ಬೇಸಿನ್ ನೀರಿನಾಗಿನ ಕೆಸರು) ಲೀಟರ್‌ಗೆ 4200 ಮಿ.ಗ್ರಾಂ, ಡಿಸೈನ್ ಶೀಟ್‌ನಾಗ ಇದ್ದಷ್ಟೇ ಇಟ್ಟೀವಿ. ಡಿಒ (ನೀರಿನಾಗ ಕರಗಿದ ಆಮ್ಲಜನಕ) 4-5, ಭರ್ತಿ ಅದ. ಆದ್ರೂ ಮಧ್ಯಾಹ್ನದ ಸೈಕಲ್‌ನಾಗ ಡಿಕ್ಯಾಂಟರ್ ಇಳಿಯೋದ್ರಾಗ ಕೆಸರು ಹೆಪ್ಪುಹೆಪ್ಪಾಗಿ ಮ್ಯಾಲ ಬರ್ತದ. ಔಟ್‌ಲೆಟ್ ಟಿಎಸ್‌ಎಸ್ (ಹೊರಹೋಗೋ ನೀರಿನಾಗಿನ ಘನಕಣ) 60 ದಾಟ್ಯಾದ. ಕೆಸರು ಕೂಡಿಸೋ ಪಾಲಿಮರ್ ಹಾಕಿದ್ವಿ, ರೊಕ್ಕ ದಂಡ. ಬಿಸಿಲು ಏರಿದಂಗ ಇದೂ ಏರ್ಲಕತ್ತದ.

ಬೀದರ್_ಬ್ಲೋವರ್: ಫಿಲಮೆಂಟಸ್ ಬಲ್ಕಿಂಗ್ (ದಾರದಂಥ ಬ್ಯಾಕ್ಟೀರಿಯಾ ಬೆಳೆದು ಕೆಸರು ಉಬ್ಬೋದು), ಮತ್ತೇನಿಲ್ಲ. ಹೈಪೋ (ಕ್ಲೋರಿನ್ ದ್ರಾವಣ) ಹೊಡೀರಿ. ಬೇಸಿನ್‌ನಾಗಿನ 1000 ಕೆ.ಜಿ. ಕೆಸರಿಗೆ ದಿನಕ್ಕ 2-3 ಕೆ.ಜಿ. ಕ್ಲೋರಿನ್.

ಲ್ಯಾಬ್_ಕಲಬುರಗಿ: ಕ್ಲೋರಿನ್ ಆಮ್ಯಾಲ ಹೊಡೀರಂತ, ನೈಟ್ರಿಫೈಯರ್ (ಅಮೋನಿಯಾನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ) ಸತ್ರ ತಿರುಗಿ ಬೆಳೆಸೋದು ಸುಲಭಲ್ಲ. ಎಸ್‌ವಿ30 (ಒಂದು ಲೀಟರ್‌ನಾಗ 30 ನಿಮಿಷಕ್ಕ ಕೂಡೋ ಕೆಸರು) ಎಷ್ಟು? ಸೆಟಲ್ ಎಷ್ಟು ನಿಮಿಷ? ಔಟ್‌ಲೆಟ್ ನೈಟ್ರೇಟ್? ದಿನಕ್ಕ ಖರೇ ಎಷ್ಟು ನೀರು ಬರ್ತದ? ಇದ್ಯಾವ್ದೂ ಬರದಿಲ್ರಿ. ಒಂದು ಲೀಟರ್ ಸಿಲಿಂಡರ್ 30 ನಿಮಿಷಕ್ಕ ಚೆಲ್ಲಬ್ಯಾಡ್ರಿ, ಎರಡು ತಾಸು ಹಂಗೇ ಇಡ್ರಿ.

ಬೀದರ್_ಬ್ಲೋವರ್: ಹೋಟೆಲ್ ಎಣ್ಣಿ ನೇರ ಯುಜಿಡಿಗೆ (ಒಳಚರಂಡಿಗೆ) ಬಿಡ್ತಾರ, ಅದಕ್ಕೇ ಫಿಲಮೆಂಟ್. ಮೈಕ್ರೋಸ್ಕೋಪ್ ಹಚ್ಚಿ ನೋಡ್ರಿ, ಗೊತ್ತಾಗ್ತದ.

ಯಾದಗಿರಿ_ಆಪರೇಟರ್: ಎಸ್‌ವಿ30 380 ಮಿ.ಲೀ. 80 ನಿಮಿಷಕ್ಕ ತಳದ ಕೆಸರು ಒಂದೇ ಗಟ್ಟಿಯಾಗಿ ಕಿತ್ತು ಮ್ಯಾಲ ಬಂತು, ಅಂಚಿಗೆ ಸಣ್ಣ ಗುಳ್ಳಿ. ಸಿಲಿಂಡರ್ ಬಡಿದ್ರ ಗುಳ್ಳಿ ಬಿಟ್ಟು ತಿರುಗಿ ಕುಂತದ. ನೈಟ್ರೇಟ್-ನೈಟ್ರೋಜನ್ 18, ಅಮೋನಿಯಾ 1ಕ್ಕಿಂತ ಕಮ್ಮಿ. ನೀರು ತಿಳಿ ಬರ್ಲಿ ಅಂತ ಸೆಟಲ್ 60ರಿಂದ 110 ನಿಮಿಷಕ್ಕ ಏರಿಸೀವಿ. ಒಳಹರಿವು 1.9 ಎಂಎಲ್‌ಡಿ (ದಿನಕ್ಕ 19 ಲಕ್ಷ ಲೀಟರ್), ಬಿಒಡಿ (ನೀರಿನ ಕೊಳಕಿನ ಅಳತಿ) ಲೀಟರ್‌ಗೆ 160 ಮಿ.ಗ್ರಾಂ.

ಲ್ಯಾಬ್_ಕಲಬುರಗಿ: ಎಸ್‌ವಿಐ (ಕುಂತ ಮ್ಯಾಲ ಒಂದು ಗ್ರಾಂ ಕೆಸರು ಹಿಡಿಯೋ ಜಾಗ) 90 ಮಿ.ಲೀ. ಅಂದ್ರ ಬಲ್ಕಿಂಗ್ ಅಲ್ಲ. ಬಲ್ಕಿಂಗ್ ಇದ್ರ 30 ನಿಮಿಷಕ್ಕ ಕೆಸರು ಕೂಡೋದೇ ಇಲ್ಲ. ಇಲ್ಲಿ ಚೆಂದಾಗಿ ಕುಂತು ಆಮ್ಯಾಲ ಏಳ್ತದ. ತಳದಾಗ ಆಮ್ಲಜನಕ ಮುಗೀತದ, ಬ್ಯಾಕ್ಟೀರಿಯಾ ನೈಟ್ರೇಟ್ ಒಡೀತಾವ, ನೈಟ್ರೋಜನ್ ಗಾಳಿ ಕೆಸರನ್ನ ಎತ್ತತದ. ನೀರು ಬೆಚ್ಚಗಾದಷ್ಟು ಜಲ್ದಿ.

ಜೆಇ_ಶಹಾಪುರ: ಬೇಸಿನ್ ಅಳತಿ?

ಯಾದಗಿರಿ_ಆಪರೇಟರ್: ತಲಾ 1900 ಘನ ಮೀಟರ್. ಡಿಸೈನ್ 4.5 ಎಂಎಲ್‌ಡಿ.

ಜೆಇ_ಶಹಾಪುರ: ಡಿಸೈನ್‌ನಾಗ 42,000 ಜನ × ತಲಾ ದಿನಕ್ಕ 135 ಲೀಟರ್ ನೀರು × ಚರಂಡಿಗೆ ಬರೋ ಪಾಲು 0.8 ಹಾಕ್ಯಾರ, 4.5 ಬಂದದ. ಬರೋ ಬಿಒಡಿ 304 ಕೆ.ಜಿ., ಬೇಸಿನ್‌ನಾಗ ಕೆಸರು ಹತ್ರ ಹತ್ರ 16,000 ಕೆ.ಜಿ. ಎಫ್/ಎಂ (ದಿನದ ಬಿಒಡಿ ಭಾಗಿಸು ಕೆಸರು) 0.02 ಆಯ್ತು. ಕಮ್ಮಿ ಲೋಡಿಗೆ ಬಹಳ ಹೊತ್ತು ಗಾಳಿ ಕೊಡೋ ಎಕ್ಸ್‌ಟೆಂಡೆಡ್ ಏರೇಷನ್‌ಗೂ 0.05 ಬೇಕಲ್ರಿ! ಡಿಸೈನ್ ಎಂಎಲ್‌ಎಸ್‌ಎಸ್ ಡಿಸೈನ್ ಲೋಡಿಗೆ. ಲೋಡ್ ಅರ್ಧಕ್ಕಿಂತ ಕಮ್ಮಿ ಇದ್ದಾಗ 4200 ಯಾಕ? ಒಂದು ಬೇಸಿನ್ ಬಂದ್ ಮಾಡ್ರಿ.

ಬೀದರ್_ಬ್ಲೋವರ್: 135 ಹಿಡಿಯೋದೇ ತಪ್ಪು. ದಿನಾ ನಲ್ಲಿ ಬರದ ಊರಿಗೆ 135 ಎಲ್ಲಿಂದ ಬರ್ಬೇಕು?

ಜೆಇ_ಶಹಾಪುರ: ಯುಜಿಡಿ ಇರೋ ಊರಿಗೆ ಕೇಂದ್ರ ಸರ್ಕಾರದ ಒಳಚರಂಡಿ ಮ್ಯಾನ್ಯುಯಲ್‌ನಾಗ ಅದೇ ಅದ. ಮುಂದಿನ 30 ವರ್ಷದ ಪೈಪ್‌ಲೈನ್ ನೀವು ಕಟ್ಟಿ ತೋರ್ಸ್ರಿ, ಮಾತಾಡೋಣ.

ಲ್ಯಾಬ್_ಕಲಬುರಗಿ: ಜಗಳ ಬ್ಯಾರೆ ಕಡಿ ಮಾಡ್ರಿ. ಒಂದು ಬೇಸಿನ್ ಬಂದ್ ಮಾಡಿದ್ರ ಸೆಟಲ್, ಡಿಕ್ಯಾಂಟ್‌ನ ಎರಡು ತಾಸಿನ ನೀರು ಎಲ್ಲಿ ನಿಲ್ಲಸ್ತೀರಿ? ಸರಾಸರಿಗೇ 160 ಘನ ಮೀಟರ್, ಮುಂಜಾನೆ ಪೀಕ್‌ಗೆ 2.5 ಪಟ್ಟು. ಸಂಪ್ (ಬರೋ ನೀರು ನಿಲ್ಲೋ ತೊಟ್ಟಿ) ಎಷ್ಟದ?

ಯಾದಗಿರಿ_ಆಪರೇಟರ್: 90.

ಲ್ಯಾಬ್_ಕಲಬುರಗಿ: ಹಂಗಾದ್ರ ಎರಡೂ ನಡೀಲಿ, ಎಂಎಲ್‌ಎಸ್‌ಎಸ್ 2000ಕ್ಕ ಇಳಿಸ್ರಿ. ಒಮ್ಮಿಗೇ ಬ್ಯಾಡ. ಹೊರಹಾಕೋ ಕೆಸರು ಲೀಟರ್‌ಗೆ 8000 ಮಿ.ಗ್ರಾಂ ಇದ್ರ ದಿನಕ್ಕ 60 ಘನ ಮೀಟರ್ ಅಂದ್ರ 480 ಕೆ.ಜಿ. ದಿನಾ ಹೊಸದಾಗಿ 200 ಹುಟ್ತದ ಅಂತ ಹಿಡೀರಿ, ಒಂದು ತಿಂಗಳ ಕೆಲಸ. ಸೆಟಲ್ ಇವತ್ತೇ 45 ನಿಮಿಷಕ್ಕ ತರ್ರಿ, ಮುಗಿದ ಕೂಡ್ಲೇ ಡಿಕ್ಯಾಂಟ್. ಫಿಲ್‌ನ ಮೊದಲ 40 ನಿಮಿಷ ಗಾಳಿ ಬಂದ್, ಮಿಕ್ಸರ್ ಚಾಲೂ, ಹೊಸ ನೀರಿನ ಬಿಒಡಿ ಉಳಿದ ನೈಟ್ರೇಟ್ ತಿಂತದ. ಮಿಕ್ಸರ್ ಇಲ್ದಿದ್ರ 10 ನಿಮಿಷಕ್ಕೊಮ್ಮೆ ಒಂದು ನಿಮಿಷ ಗಾಳಿ. ಡಿಒ 4-5 ಯಾರಿಗೆ ಬೇಕ್ರಿ? ವಿಎಫ್‌ಡಿ (ಬ್ಲೋವರ್ ವೇಗ ಹೊಂದಿಸೋ ಸಾಧನ) ಇಳಿಸಿ 2ಕ್ಕ ನಿಲ್ಲಸ್ರಿ, ಕರೆಂಟ್ ಬಿಲ್ಲೂ ಇಳೀತದ. ಅಮೋನಿಯಾ ದಿನಾ ನೋಡ್ರಿ, ಏರಿದ್ರ ಕೆಸರು ತೆಗೆಯೋದು ತಡೀರಿ.

ಬೀದರ್_ಬ್ಲೋವರ್: ನಮ್ಮ ಕಡಿ ಟರ್ಬೊ ಬ್ಲೋವರ್, ಡಿಒ ಸೆನ್ಸರ್ ನೋಡಿ ತಾನೇ ಏರಿಳೀತದ. 

ಯಾದಗಿರಿ_ಆಪರೇಟರ್: ಸೆಟಲ್ 45 ಮಾಡಿದ್ವಿ, ಮಧ್ಯಾಹ್ನದ ಟಿಎಸ್‌ಎಸ್ 22. ಮಿಕ್ಸರ್ ಎರಡರಾಗ ಒಂದೇ ನಡೀತದ. ಕೆಸರಿನ ನೀರು ಹಿಂಡೋ ಸೆಂಟ್ರಿಫ್ಯೂಜ್ ತಾಸಿಗೆ 6 ಘನ ಮೀಟರ್‌ದು, ಶಿಫ್ಟ್ ಒಂದೇ, ಅಂದ್ರ ದಿನಕ್ಕ 48 ದಾಟಲ್ಲ. ಉಳಿದದ್ದು ಡ್ರೈಯಿಂಗ್ ಬೆಡ್‌ಗೆ (ಕೆಸರು ಒಣಗಿಸೋ ಜಾಗಕ್ಕ) ಬಿಟ್ರ ನಡೀತದೇನ್ರಿ?

ಜೆಇ_ಶಹಾಪುರ: ಈ ಬಿಸಿಲಿಗೆ ನಡೀತದ. 20 ಸೆಂ.ಮೀ.ಗಿಂತ ದಪ್ಪ ಬಿಡಬ್ಯಾಡ್ರಿ, ಮ್ಯಾಲ ತೊಗಲು ಕಟ್ಟಿ ಒಳಗ ಹಸಿ ಉಳೀತದ. ಮಳಿ ಹಿಡಿಯೋದ್ರೊಳಗ ಮುಗಿಸ್ರಿ.