ಕೋಲಾರ ಜಿಲ್ಲೆಯ ಆರಾಧನಾ ಸ್ಥಳಗಳು: ಮಕ್ಕಳಿಗೆ ಒಂದು ದಿನದಲ್ಲಿ ಏನು ತೋರಿಸಬಹುದು?

ಮಾಲೂರಿನ ಶಿಕ್ಷಕಿ

ನಮ್ಮ ಶಾಲೆ ಮಾಲೂರಿನ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿದೆ. ಒಂದೇ ತರಗತಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಮನೆಮಾತಿನ ಮಕ್ಕಳಿದ್ದಾರೆ. ಕಾರ್ಖಾನೆ ಕೆಲಸಕ್ಕೆ ಬಂದ ಒಡಿಶಾದ ಕುಟುಂಬಗಳ ಮಕ್ಕಳೂ ಸೇರಿದ್ದಾರೆ. ಎಂಟನೇ ತರಗತಿಯವರಿಗೆ ಬೇರೆ ಬೇರೆ ಧರ್ಮದವರ ಆರಾಧನಾ ಸ್ಥಳಗಳನ್ನು ಜಿಲ್ಲೆಯೊಳಗೇ ತೋರಿಸಬೇಕೆಂದಿದ್ದೇನೆ. ಪ್ರತಿ ವರ್ಷ ಅಂತರಗಂಗೆ ಮತ್ತು ಕೋಟಿಲಿಂಗೇಶ್ವರ ನೋಡಿ, ಚಿತ್ರಾನ್ನ ತಿಂದು ಹಿಂದಿರುಗುವುದೇ ಆಗಿದೆ. ಧರ್ಮಕ್ಕೊಂದರಂತೆ ಕಟ್ಟಡ ತೋರಿಸಿ ಬಂದರೆ ಮಕ್ಕಳ ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲವೆಂಬ ಅಳುಕೂ ಇದೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಕೋಲಾರ ಪೇಟೆಯವರು

ಮೇಡಂ, ಕೋಲಾರಮ್ಮನ ಗುಡಿಯಿಂದಲೇ ಆರಂಭಿಸಿ. ಅಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳನ್ನು ತೋರಿಸಿದರೆ, ಈ ಊರಿಗೆ ತಮಿಳು ನಿನ್ನೆ ಮೊನ್ನೆ ಬಂದದ್ದಲ್ಲವೆಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಅದೇ ಆವರಣದಲ್ಲಿ ಚೇಳಿನ ಭಯ ಕಳೆಯುವ ಚೇಳಮ್ಮನಿದ್ದಾಳೆ. ಕಾಣಿಕೆ ಹಾಕುವುದು ನೆಲದಲ್ಲಿರುವ ಹುಂಡಿಯ ಕಿಂಡಿಗೆ. ಹುಡುಗರು ಅದರ ಮುಂದಿನಿಂದ ಕದಲುವುದಿಲ್ಲ, ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಬಳಿಕ ಹೈದರಾಲಿಯ ತಂದೆ ಫತೇ ಮಹಮ್ಮದರ ಸಮಾಧಿಯಿರುವ ಮಕ್ಬರಾಕ್ಕೆ ಹೋಗಿ. ಹೈದರ್ ಹುಟ್ಟಿದ ಬೂದಿಕೋಟೆಯೂ ನಮ್ಮ ಜಿಲ್ಲೆಯದೇ ಆಗಿದ್ದರೂ, ಶಾಲಾ ಪ್ರವಾಸಗಳು ಈ ಎರಡನ್ನೂ ಬಿಟ್ಟೇ ಹೋಗುವುದು ನನಗೆ ಇಂದಿಗೂ ಸೋಜಿಗ.

ಕೆಜಿಎಫ್‌ನವರು

ಮಧ್ಯಾಹ್ನದ ನಂತರದ ಹೊತ್ತನ್ನು ಕೆಜಿಎಫ್‌ಗೆ ಮೀಸಲಿಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಕೆಲಸ ಆರಂಭಿಸಿದ ಮೇಲೆ, ಗಣಿಗಿಳಿಯಲು ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ಜನರು ತಮ್ಮ ತಮ್ಮ ದೇವರುಗಳನ್ನೂ ಕರೆತಂದರು. ಆದ್ದರಿಂದಲೇ ಮಾರಿಯಮ್ಮನ ಗುಡಿ, ಮಸೀದಿ, ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ಚರ್ಚ್ ಎಲ್ಲವೂ ಒಂದೇ ಪಟ್ಟಣದಲ್ಲಿ ಸಿಗುತ್ತವೆ. ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ ಇಲ್ಲಿನ ಬೌದ್ಧ ಪರಂಪರೆ. ತಮಿಳು ದಲಿತ ಚಿಂತಕ ಪಂಡಿತ ಅಯೋತಿದಾಸರು ಮದರಾಸಿನಲ್ಲಿ 1898ರಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘಕ್ಕೆ ನಮ್ಮ ಮಾರಿಕುಪ್ಪಂನಲ್ಲಿ ಶಾಖೆಯಿತ್ತು. ಅಂದರೆ, 1956ರಲ್ಲಿ ಅಂಬೇಡ್ಕರ್ ಅವರು ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ದಶಕಗಳ ಮೊದಲೇ ಈ ಗಣಿಯ ಕಾರ್ಮಿಕರು ಬುದ್ಧನ ಮಾತು ಆಡುತ್ತಿದ್ದರು.

ನಮ್ಮ ಅಜ್ಜಿ ಮಾರಿಯಮ್ಮನ ಒಕ್ಕಲು. ಆದರೂ ಅಜ್ಜನಿಗೆ ರಾತ್ರಿ ಪಾಳಿಯಿದ್ದಾಗ ಭೂಮಿಯ ಕೆಳಗೆ ರಾಕ್ ಬರ್ಸ್ಟ್ ಆಗಿ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದು, ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಅಟ್ಟಣಿಗೆಯ ಮೇಲಿನ ಪಾತ್ರೆಗಳು ಗಲಗಲನೆ ಅಲುಗಿದರೆ, ಆಕೆ ಬೆಳಗಾಗುವುದನ್ನೂ ಕಾಯದೆ ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಹಚ್ಚಿ, ಅಲ್ಲಿಂದ ನೇರವಾಗಿ ಗಣಿಗಿಳಿಯುವ ಬಾವಿಯಾದ ಶಾಫ್ಟ್ ಬಳಿ ಹೋಗಿ ನಿಲ್ಲುತ್ತಿದ್ದಳಂತೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಊರು ಬಿಟ್ಟುಹೋದವರ ಮಕ್ಕಳು ಹಬ್ಬಕ್ಕೆಂದು ಈಗಲೂ ಬೆಂಗಳೂರಿನಿಂದ ರೈಲು ಹತ್ತಿ ಬರುತ್ತಾರೆ.

ಚಿಂತಾಮಣಿಯವರು

ಮುರುಗಮಲ್ಲವನ್ನು ಯಾರೂ ಹೇಳಲಿಲ್ಲವಲ್ಲ! 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ಕಾರಣ ಅದು ಈಗ ನಿಮ್ಮ ಗಡಿಯಾಚೆಗಿದೆ, ನಿಜ. ಆದರೆ ಅಮ್ಮಾಜಾನ್ ಬಾವಾಜಾನ್ ದರ್ಗಾ ಮತ್ತು ಮುಕ್ತೇಶ್ವರನ ಗುಡಿ ಒಂದೇ ಊರಿನಲ್ಲಿದ್ದು, ಹರಕೆ ಹೊತ್ತು ದರ್ಗಾಕ್ಕೆ ಬರುವವರಲ್ಲಿ ಹಿಂದೂಗಳೂ ಇದ್ದಾರೆ. ಇದಕ್ಕೆ ‘ಸೌಹಾರ್ದ’ ಎಂಬ ಫಲಕ ಹಚ್ಚಿ ಭಾಷಣ ಮಾಡಬೇಡಿ. ಯಾವ ಕಷ್ಟಕ್ಕೆ ಬಂದಿರಿ ಎಂದು ಬಂದವರನ್ನೇ ಮಕ್ಕಳು ಕೇಳಲಿ. ಶುಕ್ರವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಾದ್ದರಿಂದ ಆ ದಿನಗಳನ್ನು ಬಿಟ್ಟು ಹೊರಡಿ.

ಮಾಲೂರಿನ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಬೆಳಿಗ್ಗೆ ಕೋಲಾರ, ಮಧ್ಯಾಹ್ನದ ಮೇಲೆ ಕೆಜಿಎಫ್ ಎಂದು ನಿಶ್ಚಯಿಸಿದ್ದೇನೆ. ಮುರುಗಮಲ್ಲ ಮುಂದಿನ ವರ್ಷಕ್ಕಿರಲಿ. ಕೆಜಿಎಫ್‌ನವರಲ್ಲಿ ಒಂದು ಕೋರಿಕೆ: ಲೈನ್ ಮನೆಗಳಲ್ಲಿ ಈಗಲೂ ವಾಸವಿರುವ ಹಿರಿಯ ಕಾರ್ಮಿಕರೊಬ್ಬರು ಮಕ್ಕಳೊಡನೆ ಅರ್ಧ ಗಂಟೆ ಮಾತನಾಡಲು ಒಪ್ಪುವರೇ, ವಿಚಾರಿಸಿ ತಿಳಿಸುವಿರಾ?