‘ಕಡಲ್ಗಳ್ಳತನ’ ಎಲ್ಲಿಯವರೆಗೆ ಸಲ್ಲುತ್ತದೆ?

ಮಾನ್ಯರೇ,

ಕೆಂಪು ಸಮುದ್ರದಿಂದ ಅರಬ್ಬಿ ಸಮುದ್ರದವರೆಗಿನ ಹಡಗು ಮಾರ್ಗದ ಭದ್ರತೆಯನ್ನು ಕುರಿತ ಲೇಖನವೊಂದನ್ನು ಮಂಗಳೂರಿನಲ್ಲಿ ಕುಳಿತು ತಿದ್ದುತ್ತಿದ್ದೇನೆ. ಸೊಮಾಲಿಯಾದವರು ನಡೆಸಿದ ಹಡಗು ಅಪಹರಣ, ಯೆಮೆನ್‌ನ ಹೌತಿ ಬಂಡುಕೋರರ ಕ್ಷಿಪಣಿ ದಾಳಿ, ಇರಾನಿನ ಪಡೆ ಹಡಗನ್ನು ಹಿಡಿದಿಟ್ಟದ್ದು, ಈ ಮೂರನ್ನೂ ಲೇಖಕರು ‘ಕಡಲ್ಗಳ್ಳತನ’ ಎಂದೇ ಕರೆದಿದ್ದಾರೆ. ಈ ಪದ ಅಷ್ಟು ದೂರ ಹಿಗ್ಗಬಹುದೇ ಎಂಬುದು ನನ್ನ ಪ್ರಶ್ನೆ.

ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದದ 101ನೆಯ ವಿಧಿಯ ಪ್ರಕಾರ, ಖಾಸಗಿ ಹಡಗು ಇಲ್ಲವೇ ವಿಮಾನದಲ್ಲಿ ಬಂದವರು ಖಾಸಗಿ ಉದ್ದೇಶಕ್ಕಾಗಿ, ಯಾವ ದೇಶದ ಗಡಿಗೂ ಸೇರದ ಕಡಲಿನಲ್ಲಿ, ಇನ್ನೊಂದು ಹಡಗಿನ ಮೇಲೆ ನಡೆಸುವ ಹಿಂಸೆ, ಅಕ್ರಮ ಬಂಧನ ಅಥವಾ ಸುಲಿಗೆ ಮಾತ್ರ ಕಡಲ್ಗಳ್ಳತನ. ಅದೇ ಕೆಲಸ ದಡದಿಂದ 12 ನಾಟಿಕಲ್ ಮೈಲಿಯೊಳಗೆ ನಡೆದರೆ ಅದು ಸಶಸ್ತ್ರ ದರೋಡೆ. ವಿಚಾರಣೆ ಆ ದೇಶದ್ದೇ. ಸೊಮಾಲಿಯಾದವರು ಅಪಹರಿಸಿದ್ದ ರುಯೆನ್ ಹಡಗಿನಲ್ಲಿ 2024ರ ಮಾರ್ಚಿನಲ್ಲಿ ನಮ್ಮ ನೌಕಾಪಡೆಗೆ ಶರಣಾದ 35 ಮಂದಿಗೆ ‘ಕಡಲ್ಗಳ್ಳರು’ ಎಂಬ ಹೆಸರು ತಕರಾರಿಲ್ಲದೆ ಒಪ್ಪುತ್ತದೆ. ಅವರನ್ನು ಮುಂಬಯಿಗೆ ತಂದು ಪೊಲೀಸರಿಗೆ ಒಪ್ಪಿಸಿದ್ದು 2022ರ ಕಡಲ್ಗಳ್ಳತನ ತಡೆ ಕಾಯ್ದೆಯಡಿಯಲ್ಲೇ.

ಆದರೆ ಸೌದಿಯ ಜುಬೈಲಿನಿಂದ ನಮ್ಮ ಪಣಂಬೂರಿನ ಬಂದರಿಗೆ ಹೊರಟಿದ್ದ ಚೆಮ್ ಪ್ಲೂಟೊ ಹಡಗಿಗೆ 2023ರ ಡಿಸೆಂಬರ್ 23ರಂದು ಗುಜರಾತಿನ ಕರಾವಳಿಯಾಚೆ ಡ್ರೋನ್ ಬಡಿದು ಬೆಂಕಿ ಹತ್ತಿಕೊಂಡಾಗ, ಹಡಗನ್ನು ಯಾರೂ ಹತ್ತಲಿಲ್ಲ, ಸರಕನ್ನು ಯಾರೂ ಮುಟ್ಟಲಿಲ್ಲ. ಕದ್ದದ್ದೇ ಇಲ್ಲದಿರುವಾಗ ಕಳ್ಳನೆಲ್ಲಿ? ಅದನ್ನು ‘ದಾಳಿ’ ಎಂದರೆ ಸಾಕು. ಹೋರ್ಮುಜ್ ಜಲಸಂಧಿಯ ಬಳಿ 2024ರ ಏಪ್ರಿಲಿನಲ್ಲಿ ಇರಾನಿನ ರೆವಲ್ಯೂಷನರಿ ಗಾರ್ಡ್ ಪಡೆ ಹಿಡಿದ ಎಂಎಸ್‌ಸಿ ಏರೀಸ್ ಹಡಗಿನ ಸಂಗತಿ ಬೇರೆ. ಹಿಡಿದದ್ದು ಒಂದು ದೇಶದ ಪಡೆಯಾದ್ದರಿಂದ ಅದು ಖಾಸಗಿ ಕೃತ್ಯವಲ್ಲ. ಅಲ್ಲಿ ‘ಜಪ್ತಿ’ ಎಂದು ಬರೆದರೆ ಕಾನೂನಿನ ಮುದ್ರೆ ಒತ್ತಿಕೊಟ್ಟಂತಾಗುತ್ತದೆ, ಹಾಗಾಗಿ ‘ವಶ’ ಎಂದು ತಿದ್ದಿದ್ದೇನೆ.

ನಿಜವಾಗಿ ತೊಡಕಿರುವುದು 2023ರ ನವೆಂಬರಿನ ಗ್ಯಾಲಕ್ಸಿ ಲೀಡರ್ ಪ್ರಕರಣದಲ್ಲಿ. ಹೆಲಿಕಾಪ್ಟರಿನಿಂದ ಇಳಿದ ಹೌತಿಗಳು ಹಡಗನ್ನು ಒಯ್ದು, ಸಿಬ್ಬಂದಿಯನ್ನು ವರ್ಷಕ್ಕೂ ಮಿಕ್ಕಿ ಒತ್ತೆ ಇಟ್ಟುಕೊಂಡರು. ರಾಜಕೀಯ ಕಾರಣ ಹೇಳಿ ಮಾಡಿದ್ದನ್ನು ಖಾಸಗಿ ಉದ್ದೇಶವೆನ್ನಬಹುದೇ ಎಂಬುದರಲ್ಲಿ ಕಾನೂನು ಬಲ್ಲವರಲ್ಲೇ ಭಿನ್ನಾಭಿಪ್ರಾಯವಿದೆ. ನಾನು ಸದ್ಯಕ್ಕೆ ‘ಅಪಹರಣ’ ಎಂದು ಬರೆದಿದ್ದೇನೆ, ಪೂರ್ಣ ಸಮಾಧಾನವಿಲ್ಲ.

ಪದದ ಒಳಗಿನ ‘ಕಳ್ಳ’ನ ಬಗ್ಗೆಯೂ ನನಗೆ ಅನುಮಾನವಿದೆ. ಕಳವು ಕಣ್ಣು ತಪ್ಪಿಸಿ ನಡೆಯುವಂಥದ್ದು, ಇವರು ಬರುವುದೋ ಬಂದೂಕು ಹಿಡಿದು. ಠಾಣೆಯ ಕನ್ನಡದಲ್ಲಿ ಕಳವು, ಸುಲಿಗೆ, ಡಕಾಯಿತಿ ಬೇರೆಬೇರೆ. ಆದರೂ ರೂಢಿಗೆ ಬಂದ ಪದವನ್ನು ಕಿತ್ತುಹಾಕಲು ನಾನು ಹೊರಟಿಲ್ಲ, ಅದರ ಬೇಲಿ ಎಲ್ಲಿರಬೇಕೆಂದು ಮಾತ್ರ ಕೇಳುತ್ತಿದ್ದೇನೆ.

ನಮ್ಮಲ್ಲಿ ಮನೆಯ ಹುಡುಗ ‘ಶಿಪ್ಪಿನಲ್ಲಿದ್ದಾನೆ’ ಎನ್ನುವ ಕುಟುಂಬಗಳು ಬೇಕಾದಷ್ಟಿವೆ. ಅಂಥವರು, ಹಾಗೆಯೇ ಹಳೆಯ ಬಂದರಿನ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ಹಡಗುಗಳಲ್ಲಿ) ದುಡಿದವರು, ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲಿ ಕಡಲ ಮೇಲೆ ಸುಲಿಯುವವರನ್ನು ಏನೆಂದು ಕರೆಯುತ್ತಾರೆ? ಬಲ್ಲವರು ಬಳಕೆಯ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.