ಆಕ್ಸೆಸ್ ಪ್ರೋಗ್ರಾಂ ಒಂದೇ ಸರ್ವರ್‌ನಲ್ಲಿಟ್ಟು ಎರಡು ಊರಿಂದ ನಡೆಸಿದವರು ಇದ್ದೀರಾ? ಅನುಭವ ಹೇಳಿ

ಶಿರಸಿ ಮಂಡಿ: ನಮ್ಮದು ಅಡಿಕೆ ಮಂಡಿ. ಲೆಕ್ಕವೆಲ್ಲ ಚಿಕ್ಕಪ್ಪ 2009ರಲ್ಲಿ ಬರೆದ ಮೈಕ್ರೋಸಾಫ್ಟ್ ಆಕ್ಸೆಸ್ (ಡೇಟಾಬೇಸ್ ಸಾಫ್ಟ್‌ವೇರ್) ಪ್ರೋಗ್ರಾಂನಲ್ಲಿದೆ. ರೈತರ ಖಾತೆ, ಚಾಲಿ ಅಡಿಕೆ, ರಾಶಿ ಅಡಿಕೆ, ಮುಂಗಡ, ಎಲ್ಲ. ಈಗ ಸಿದ್ದಾಪುರದಲ್ಲೂ ಅಂಗಡಿ ಮಾಡಿದ್ದೇವೆ. ಇಲ್ಲಿ 3 ಜನ, ಅಲ್ಲಿ 2 ಜನ, ಡೇಟಾ ಒಂದೇ ಇರಬೇಕು. ತೂಕದ ಚೀಟಿ ಅಲ್ಲೇ ಪ್ರಿಂಟ್ ಆಗಬೇಕು. ಮಾಡಿದವರು ದಯವಿಟ್ಟು ಹೇಳಿ.

ತುಮಕೂರು ಗಿರಣಿ: ವಿಪಿಎನ್ (ಇಂಟರ್ನೆಟ್ ಮೂಲಕ ಎರಡು ಊರನ್ನು ಜೋಡಿಸುವ ಖಾಸಗಿ ದಾರಿ) ಹಾಕಿ ಫೈಲನ್ನು ದೂರದಿಂದ ತೆರೆಯುವ ಯೋಚನೆ ಇದ್ದರೆ ಇವತ್ತೇ ಬಿಡಿ. 2018ರಲ್ಲಿ ನಾವು ಮಾಡಿದ್ದು ಅದನ್ನೇ. ಗುಬ್ಬಿ ಗೋಡೌನಿನಲ್ಲಿ ಇಂಟರ್ನೆಟ್ ಒಂದು ಕ್ಷಣ ಹೋಯಿತು, ಅಷ್ಟೇ. ಮತ್ತೆ ತೆರೆದರೆ 'ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್'. ಕಾಂಪ್ಯಾಕ್ಟ್ ಅಂಡ್ ರಿಪೇರ್ ಕೊಟ್ಟರೂ ಬರಲಿಲ್ಲ. 11 ದಿನದ ಬಿಲ್ಲನ್ನು ಕಾರ್ಬನ್ ಪ್ರತಿ ನೋಡಿಕೊಂಡು ನಾನು, ನನ್ನ ಹೆಂಡತಿ ರಾತ್ರಿ ಕೂತು ಮತ್ತೆ ಹೊಡೆದೆವು. ನೀಲಿ ಅಂಕಿ ಮಸುಕಾದ ಕಡೆ 3ನೋ 8ನೋ ಅಂತ ಗಿರಾಕಿಗಳಿಗೆ ಫೋನ್ ಮಾಡಿ ಕೇಳಿದ್ದೇನೆ.

ಆಮೇಲೆ ರಿಮೋಟ್ ಡೆಸ್ಕ್‌ಟಾಪ್‌ಗೆ ಬಂದೆವು. ಪ್ರೋಗ್ರಾಂ, ಡೇಟಾ ಎರಡೂ ಸರ್ವರ್‌ನಲ್ಲೇ. ಲೈನಿನಲ್ಲಿ ಬರುವುದು ಪರದೆಯ ಚಿತ್ರ ಮಾತ್ರ. ಲೈನ್ ಹೋದರೂ ಸೆಷನ್ ಅಲ್ಲಿ ಹಾಗೇ ಇರುತ್ತದೆ. ಸರ್ವರ್ 1,42,000, ಯುಪಿಎಸ್ 31,500, ರಿಮೋಟಾಗಿ ಲಾಗಿನ್ ಆಗುವವರಿಗೆ ಬೇಕಾದ ಲೈಸೆನ್ಸ್ ಬೇರೆ. ಲೈಸೆನ್ಸ್ ಹಾಕದೆಯೂ ಓಡುತ್ತಿತ್ತು, ಸುಮ್ನಿದ್ದೆ. ಅದು 120 ದಿನದ ಗಡುವು ಅಂತ ಹಾಕಿಕೊಟ್ಟವನು ಹೇಳಲೇ ಇಲ್ಲ. ಯುಗಾದಿ ಹಿಂದಿನ ದಿನ ಅಂಗಳದಲ್ಲಿ 6 ಲಾರಿ, ಹುಡುಗರು ಯಾರಿಗೂ ಲಾಗಿನ್ ಆಗುತ್ತಿಲ್ಲ.

ಹಾಸನ ಬಿಡಿಭಾಗ: ಇಷ್ಟು ದುಡ್ಡು ಯಾಕೆ ಸರ್? ವಿಂಡೋಸ್ 10 ಪ್ರೋ ಇರುವ ಮಾಮೂಲಿ ಪಿಸಿಗೆ, ಹಲವರು ಒಟ್ಟಿಗೆ ರಿಮೋಟಾಗಿ ಬರುವಂತೆ ಮಾಡುವ ಪ್ಯಾಚ್ ಹಾಕಿ 4 ಜನ ಕೆಲಸ ಮಾಡುತ್ತಿದ್ದೇವೆ. 3 ವರ್ಷ ಆಯಿತು, ಒಂದು ಪೈಸೆ ಖರ್ಚಿಲ್ಲ.

ತುಮಕೂರು ಗಿರಣಿ: ಸ್ವಾಮಿ, ಆ ವಿಂಡೋಸ್ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ನೀವು ಮಾಡಿರುವುದು ಲೈಸೆನ್ಸ್ ಮುರಿಯುವ ಕೆಲಸ. ಅಪ್‌ಡೇಟ್ ಬಂದಾಗ ಒಂದು ಸಲವೂ ಕೈಕೊಟ್ಟಿಲ್ಲ ಅಂತ ಎದೆ ತಟ್ಟಿ ಹೇಳಿ ನೋಡೋಣ.

ಹಾಸನ ಬಿಡಿಭಾಗ: ಎರಡು ಸಲ ನಿಂತಿದೆ. ನಿಮ್ಮ ಲಾರಿಗಳೂ ನಿಂತಿದ್ದವಲ್ಲ? ಈಗ ಅಪ್‌ಡೇಟನ್ನೇ ಆಫ್ ಮಾಡಿದ್ದೇನೆ.

ಹುಬ್ಬಳ್ಳಿ ಔಷಧ: ಅಣ್ಣಾ, ಅಪ್‌ಡೇಟ್ ಆಫ್ ಮಾಡುವುದನ್ನು ಮಾತ್ರ ಯಾರಿಗೂ ಹೇಳಿಕೊಡಬೇಡಿ. ಭದ್ರತೆ ಸಡಿಲ ಬಿಟ್ಟರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ನಾವು ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಹೊರಗಿನವರಿಗೆ ತೆರೆದಿಟ್ಟಿದ್ದೆವು. ಪಾಸ್‌ವರ್ಡ್ ಅಂಗಡಿ ಹೆಸರು, ಮುಂದೆ 123. ಒಂದು ಸೋಮವಾರ ನೋಡಿದರೆ ಎಲ್ಲ ಫೈಲಿನ ಹೆಸರಿನ ಕೊನೆಗೆ ಏನೋ ಹೊಸ ಅಕ್ಷರ, ಒಂದೂ ತೆರೆಯುತ್ತಿಲ್ಲ. ಡೆಸ್ಕ್‌ಟಾಪ್ ಮೇಲೆ ಹಣ ಕೇಳುವ ನೋಟ್‌ಪ್ಯಾಡ್ ಚೀಟಿ. ಬ್ಯಾಕಪ್ ಡಿಸ್ಕ್ ಅದೇ ಸರ್ವರಿಗೆ ಚುಚ್ಚಿತ್ತು, ಅದೂ ಹೋಯಿತು. 9 ದಿನ ಅಂಗಡಿ ಅರ್ಧ ಬಾಗಿಲು. ಮಾತ್ರೆಯ ಒಂದೊಂದು ಸ್ಟ್ರಿಪ್ ಬೆಳಕಿಗೆ ಹಿಡಿದು ಎಕ್ಸ್‌ಪೈರಿ ಓದಿ ಬರೆದೆವು. ಈಗ ಮೊದಲು ವಿಪಿಎನ್, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್. ಬ್ಯಾಕಪ್ ಡಿಸ್ಕ್ ಎರಡು, ಒಂದು ಯಾವಾಗಲೂ ಮನೆ ಬೀರುವಿನಲ್ಲಿ.

ತುಮಕೂರಿನವರೇ, ವಿಪಿಎನ್ ಬಿಡಿ ಅಂದುಬಿಟ್ಟಿರಿ. ಜನ ತಪ್ಪು ತಿಳಿಯುತ್ತಾರೆ.

ತುಮಕೂರು ಗಿರಣಿ: ಮೇಡಂ, ಅದರ ಮೇಲೆ ಫೈಲ್ ತೆರೆಯಬೇಡಿ ಅಂದೆ. ಪೂರ್ತಿ ಓದಿ.

ಮಂಗಳೂರು ಕೋಡ್: ನಾನು ಡೇಟಾ ಇರುವ ಟೇಬಲ್‌ಗಳನ್ನೆಲ್ಲ ಮೈಕ್ರೋಸಾಫ್ಟ್‌ನದೇ ಇನ್ನೊಂದು ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್‌ಗೆ ಸಾಗಿಸಿದೆ. ಉಚಿತ. ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ, ಇದಕ್ಕೆ 10. ಫಾರ್ಮ್ (ಲೆಕ್ಕ ತುಂಬುವ ಪರದೆ) ಮಾತ್ರ ಆಕ್ಸೆಸ್‌ನಲ್ಲೇ ಇಟ್ಟೆ. ಮೊದಲ ದಿನ ಗ್ರಾಹಕರ ಫಾರ್ಮ್ ತೆರೆಯಲು 40 ಸೆಕೆಂಡ್, ಇಡೀ ಟೇಬಲನ್ನೇ ಎಳೆಯುತ್ತಿತ್ತು. ಖಾತೆ ನಂಬರ್ ಹಾಕಿದ ಮೇಲೆ ಒಂದೇ ಸಾಲು ತರುವ ಹಾಗೆ 60 ಫಾರ್ಮ್ ತಿದ್ದಿದೆ. 4 ತಿಂಗಳು ಹಿಡಿಯಿತು. ಇದೇ ಸರಿಯಾದ ದಾರಿ, ಉಳಿದದ್ದೆಲ್ಲ ತೇಪೆ.

ತುಮಕೂರು ಗಿರಣಿ: ನಿಮ್ಮ 4 ತಿಂಗಳ ಸಂಬಳ ಲೆಕ್ಕಕ್ಕೆ ಹಿಡಿದಿರಾ? ತೇಪೆ ಅನ್ನಬೇಡಿ. ರಿಮೋಟ್‌ಗೆ ಬಂದ ಮೇಲೆ ನನ್ನದು ಒಂದು ಬಿಲ್ಲೂ ಹೋಗಿಲ್ಲ.

ಶಿವಮೊಗ್ಗ ಸೊಸೈಟಿ: ಒಂದು ವಿಷಯ ಯಾರೂ ಹೇಳಲಿಲ್ಲ. ಫಾರ್ಮ್ ಬೇರೆ ಫೈಲ್, ಡೇಟಾ ಬೇರೆ ಫೈಲ್ ಮಾಡಿ. ಸರ್ವರ್‌ನಲ್ಲೂ ಒಬ್ಬೊಬ್ಬರಿಗೆ ಫಾರ್ಮಿನ ಒಂದೊಂದು ಪ್ರತಿ ಇರಲಿ. ಇನ್ನೊಂದು, ಹೆಸರುಗಳು ಹಳೆ ನುಡಿ ಫಾಂಟಿನಲ್ಲಿದ್ದರೆ ಆ ಫಾಂಟ್ ಸರ್ವರ್‌ನಲ್ಲಿ ಇರಬೇಕು. ನಾನು ನಮ್ಮ 7 ಪಿಸಿಗೂ ಹಾಕಿ 2 ದಿನ ಕಳೆದೆ. ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಹಾಗೇ ಇತ್ತು.

ಮಂಗಳೂರು ಕೋಡ್: ಇನ್ನೂ ಹಳೆ ಫಾಂಟಾ? ಯೂನಿಕೋಡ್‌ಗೆ ಬದಲಿಸಿ, ಒಂದು ಸಂಜೆಯ ಕೆಲಸ.

ಶಿವಮೊಗ್ಗ ಸೊಸೈಟಿ: ಬದಲಿಸಿ ನೋಡಿಯೇ ಹೇಳುತ್ತಿದ್ದೇನೆ. ಅರ್ಕಾವತ್ತು, ಒತ್ತು ಇರುವ ಹೆಸರುಗಳು ಕೆಟ್ಟವು. 14,000 ಸದಸ್ಯರು. ಸಾಲದ ಪತ್ರದಲ್ಲಿ ಹೆಸರು ತಪ್ಪಿದರೆ ಸಹಿ ಹಾಕುವವನು ನಾನು, ನೀವಲ್ಲ.

ಶಿರಸಿ ಮಂಡಿ: ಚೀಟಿ ಪ್ರಿಂಟ್ ಬಗ್ಗೆ ಯಾರಾದರೂ?

ಹುಬ್ಬಳ್ಳಿ ಔಷಧ: ಕನೆಕ್ಟ್ ಮಾಡುವಾಗ ಲೋಕಲ್ ರಿಸೋರ್ಸಸ್‌ನಲ್ಲಿ ಪ್ರಿಂಟರ್ ಟಿಕ್ ಮಾಡಿ, ಅಲ್ಲಿಯ ಪ್ರಿಂಟರ್ ಸೆಷನ್‌ನಲ್ಲಿ ಕಾಣುತ್ತದೆ. ನಮ್ಮ ಡಾಟ್ ಮ್ಯಾಟ್ರಿಕ್ಸ್ ಮಾತ್ರ ಗೇಣುದ್ದ ಬಿಲ್ಲಿಗೆ ಪೂರ್ತಿ ಹಾಳೆ ಉಗುಳುತ್ತಿತ್ತು. ಅದೇ ಡ್ರೈವರನ್ನು ಸರ್ವರ್‌ಗೂ ಹಾಕಿ, ಈಸಿ ಪ್ರಿಂಟ್ (ರಿಮೋಟ್ ಡೆಸ್ಕ್‌ಟಾಪ್ ತಾನೇ ಬಳಸುವ ಸಾಮಾನ್ಯ ಡ್ರೈವರ್) ಬಿಟ್ಟು, ಬಿಲ್ಲಿನ ಅಳತೆ ಅಲ್ಲೇ ಕೊಟ್ಟ ಮೇಲೆ ಸರಿಹೋಯಿತು.